ಉಗಿ ಎಂಜಿನ್ನನ್ನು ಇವತ್ತು ಹೊಸದಾಗಿ ಕಟ್ಟಿದರೆ ಡೀಸೆಲ್, ಕರೆಂಟ್ ಎದುರು ನಿಲ್ಲುತ್ತಾ?

ಹಳಿಹುಚ್ಚ
ತುಂಬಾ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ಉಗಿ ಎಂಜಿನ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು 1930–40ರ ಮಾದರಿಗಳು. ಅವನ್ನ ಇವತ್ತಿನ ಡೀಸೆಲ್ ಪಕ್ಕ ನಿಲ್ಲಿಸಿ "ನೋಡಿ, ಸೋತುಹೋಯ್ತು" ಅಂತೀವಿ. ಅಜ್ಜನನ್ನ ಮೊಮ್ಮಗನ ಜತೆ ಓಟಕ್ಕೆ ಬಿಟ್ಟ ಹಾಗಲ್ವಾ ಇದು?

ದಕ್ಷಿಣ ಆಫ್ರಿಕಾದಲ್ಲಿ ಎಂಜಿನಿಯರ್ ಡೇವಿಡ್ ವಾರ್ಡೇಲ್ 1981ರಲ್ಲಿ ಮಾಡಿದ್ದು ನೋಡಿ. 25ಎನ್‌ಸಿ ವರ್ಗದ 3450ನೇ ಎಂಜಿನ್ ತಗೊಂಡು ಬೆಂಕಿ ಉರಿಯೋ ರೀತಿ, ಹೊಗೆ ಹೊರಹೋಗೋ ದಾರಿ, ಸೂಪರ್‌ಹೀಟರ್ (ಉಗಿಯನ್ನ ಇನ್ನಷ್ಟು ಕಾಯಿಸೋ ಕೊಳವೆಗಳು) ಎಲ್ಲಾ ಬದಲಿಸಿದರು. ಕೆಂಪು ಬಣ್ಣ ಬಳಿದರು, 'ರೆಡ್ ಡೆವಿಲ್' ಅಂತ ಹೆಸರು ಬಿತ್ತು. ಕಲ್ಲಿದ್ದಲು ಸುಮಾರು 28 ಶೇಕಡಾ, ನೀರು ಸುಮಾರು 30 ಶೇಕಡಾ ಉಳೀತು. ಶಕ್ತಿ ಕಡಿಮೆಯಾಗೋದಿರಲಿ, ಜಾಸ್ತಿಯೇ ಆಯ್ತು. ಅದೂ 1950ರ ದಶಕದ ಹಳೇ ಬಾಯ್ಲರ್, ಹಳೇ ಚೌಕಟ್ಟು ಇಟ್ಕೊಂಡು!

ಹಾಗಾದ್ರೆ ಖಾಲಿ ಕಾಗದದಿಂದ ಶುರುಮಾಡಿ, ಇವತ್ತಿನ ಉಕ್ಕು, ಬೇರಿಂಗು, ಕಂಪ್ಯೂಟರ್ ನಿಯಂತ್ರಣ ಹಾಕಿ ಕಟ್ಟಿದ್ರೆ?

ಕಿಡಿಗೇಡಿ
ಸೋಲುತ್ತೆ. ಮುಂದಿನ ಪ್ರಶ್ನೆ.

ಹಳಿಹುಚ್ಚ
@ಕಿಡಿಗೇಡಿ ಕಾರಣ ಕೊಡ್ರಿ ಸ್ವಾಮಿ.

ಉಷ್ಣಗತಿ
ಕಾರಣ ನಾನು ಕೊಡುತ್ತೇನೆ, ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ.

ಒಂದು ಕಿಲೋ ತಣ್ಣೀರನ್ನು 15 ಬಾರ್ ಒತ್ತಡದಲ್ಲಿ 400 ಡಿಗ್ರಿಯ ಉಗಿ ಮಾಡಲು ಸುಮಾರು 3,200 ಕಿಲೋಜೂಲ್ ಬೇಕು. ಅದು ಸಿಲಿಂಡರಿನಲ್ಲಿ ಹಿಗ್ಗಿ ಚಿಮಣಿಯಿಂದ ಹೊರಹೋಗುವಾಗ ಇನ್ನೂ ಉಗಿಯಾಗಿಯೇ ಇರುತ್ತದೆ. ಅಂದರೆ ನೀರನ್ನು ಆವಿ ಮಾಡಲು ಸುರಿದ ಗುಪ್ತೋಷ್ಣ, ಕಿಲೋಗೆ 2,250ರಷ್ಟು, ಪೂರ್ತಿ ಗಾಳಿಗೆ. ಒಳ್ಳೆಯ ಪಿಸ್ಟನ್ ಎಂಜಿನ್ ಆ 3,200ರಲ್ಲಿ 400–450 ಹಿಂಡಿಕೊಂಡರೆ ದೊಡ್ಡದು. ಇದು 14 ಶೇಕಡಾ. ಬಾಯ್ಲರಿನ ನಷ್ಟ ಕಳೆಯಿರಿ, 10. ಎಂಜಿನ್ ತನ್ನ ಮೈಯನ್ನೇ ಎಳೆದುಕೊಂಡು ಹೋಗುವ ಖರ್ಚು ಕಳೆಯಿರಿ, 8 ಉಳಿದೀತು. ಹಳೆಯ ಸಾಮಾನ್ಯ ಎಂಜಿನ್‌ಗಳು 6–7ರಲ್ಲೇ ಜೀವನ ಕಳೆದವು. ಫ್ರಾನ್ಸಿನ ಆಂದ್ರೆ ಶಾಪಲೋನ್ ಕಾಂಪೌಂಡ್ (ಒಂದೇ ಉಗಿಯನ್ನು ಎರಡು ಸಲ ಹಿಗ್ಗಿಸುವ) ಎಂಜಿನ್‌ಗಳಲ್ಲಿ 12ರ ಹತ್ತಿರ ಮುಟ್ಟಿದರು, ಅದೂ ಒಳ್ಳೆಯ ದಿನ, ಒಳ್ಳೆಯ ಫೈರ್‌ಮನ್ ಇದ್ದಾಗ.

ಡೀಸೆಲ್ ಎಂಜಿನ್ 40ರ ಆಸುಪಾಸು. ಜನರೇಟರು, ಮೋಟಾರು ದಾಟಿ ಹಳಿಗೆ ಬರುವಷ್ಟರಲ್ಲಿ 30ಕ್ಕಿಂತ ಮೇಲೇ ಇರುತ್ತದೆ. 28 ಶೇಕಡಾ ಉಳಿತಾಯ ಅಂದರೆ 7 ಇದ್ದದ್ದು 9–10 ಆಗುತ್ತದೆ. ನಾಲ್ಕು ಪಟ್ಟು ಹಿಂದಿರುವವನು ಮೂರು ಪಟ್ಟು ಹಿಂದೆ ಬಂದ, ಅಷ್ಟೆ.

ಮೂರನೇಹಳಿ
ಕಂಡೆನ್ಸರ್ (ಉಗಿಯನ್ನ ತಣಿಸಿ ಮತ್ತೆ ನೀರು ಮಾಡೋ ಸಾಧನ) ಹಾಕಿದ್ರೆ ಆ ಗುಪ್ತೋಷ್ಣ ವಾಪಸ್ ಸಿಗಲ್ವಾ? ದಕ್ಷಿಣ ಆಫ್ರಿಕಾದಲ್ಲೇ 25ನೇ ವರ್ಗದಲ್ಲಿ ಹಾಕಿದ್ರಲ್ಲ, 90 ಎಂಜಿನ್ ಕಟ್ಟಿದ್ರು.

ಉಷ್ಣಗತಿ
ಹಾಕಿದ್ದರು, ಆದರೆ ಕಾರಣ ಬೇರೆ. ಕರೂ ಒಣಭೂಮಿಯಲ್ಲಿ ನೀರಿಲ್ಲ. ಉಗಿಯನ್ನು ಟೆಂಡರಿನಲ್ಲಿ (ಎಂಜಿನ್ ಹಿಂದಿನ ನೀರು–ಕಲ್ಲಿದ್ದಲಿನ ಬಂಡಿ) ತಣಿಸಿ ಅದೇ ನೀರನ್ನು ಮತ್ತೆ ಬಾಯ್ಲರಿಗೆ ಕಳಿಸುತ್ತಿದ್ದರು. ನೀರಿನ ಖರ್ಚು ಹತ್ತರಲ್ಲಿ ಎಂಟು–ಒಂಬತ್ತು ಪಾಲು ಇಳಿಯಿತು. ಬಿಸಿನೀರು ವಾಪಸ್ ಬರುವುದರಿಂದ ಕಲ್ಲಿದ್ದಲೂ ಒಂದಿಷ್ಟು ಉಳಿದಿರುತ್ತದೆ. ಆದರೆ ನಿರ್ವಾತ ಇಲ್ಲ. ವಿದ್ಯುತ್ ಸ್ಥಾವರದ ಹಾಗೆ 0.1 ಬಾರ್‌ವರೆಗೆ ಇಳಿಸಿದರೆ ಅದೇ ಉಗಿಯಿಂದ ಒಂದೂವರೆ ಪಟ್ಟು ಕೆಲಸ ತೆಗೆಯಬಹುದು, ನಿಜ. ಅದಕ್ಕೆ ಬೇಕಾದ ತಣಿಸುವ ಗೋಪುರವನ್ನು ಯಾವ ಹಳಿಯ ಮೇಲೆ ಇಡುತ್ತೀರಿ?

ಶೆಡ್‌ತಾತ
ಆ ಕಂಡೆನ್ಸಿಂಗ್ ಎಂಜಿನ್ ಕತೆ ಪೂರ್ತಿ ಹೇಳಿ ಮತ್ತೆ. ಉಗಿ ಚಿಮಣಿಗೆ ಹೋಗದೇ ಇದ್ದಮೇಲೆ ಬೆಂಕಿಗೆ ಗಾಳಿ ಎಳೆಯೋರು ಯಾರು? ಅದಕ್ಕೆ ಹೊಗೆಪೆಟ್ಟಿಗೆಯೊಳಗೆ ಫ್ಯಾನ್ ಇಟ್ರು. ಬೂದಿ, ಕಿಡಿ ಬಡಿದೂ ಬಡಿದೂ ಅದರ ಎಲೆಗಳು ಸವೆದುಹೋಗ್ತಿದ್ವು. ಕೊನೆಗೆ ಆ ಸಾಮಾನೆಲ್ಲಾ ಕಿತ್ತು ಮಾಮೂಲಿ ಎಂಜಿನ್ ಮಾಡಿದ್ರು.

ಲೆಕ್ಕ ಹಾಕೋರೆಲ್ಲಾ ಉಷ್ಣ ಉಷ್ಣ ಅಂತೀರಿ. ಬೂದಿ ಯಾರು ತೆಗೀತಾರೆ ಅಂತ ಒಬ್ರೂ ಕೇಳಲಿಲ್ಲ.

ಹಳಿಹುಚ್ಚ
@ಉಷ್ಣಗತಿ ಒಪ್ಪಿದೆ, ದಕ್ಷತೆಯಲ್ಲಿ ಹಿಂದೆ. ಆದರೆ ರೈಲ್ವೆ ಕಂಪನಿ ದುಡ್ಡು ಕೊಡೋದು ಕಿಲೋಜೂಲಿಗೆ ಅಲ್ಲ, ಇಂಧನಕ್ಕೆ. ಅಗ್ಗದ ಕಲ್ಲಿದ್ದಲು ಇದ್ದು, ಎಣ್ಣೆ ಬೆಲೆ ಮೂರು ಪಟ್ಟು ಆದ್ರೆ ಲೆಕ್ಕ ಸಮ ಆಗಲ್ವಾ? ಅಮೆರಿಕದಲ್ಲಿ ಎಸಿಇ 3000 ಅನ್ನೋ ಹೊಸ ಕಲ್ಲಿದ್ದಲು ಉಗಿ ಎಂಜಿನ್ನಿನ ಯೋಜನೆ ಹುಟ್ಟಿದ್ದೇ 1970ರ ದಶಕದ ಎಣ್ಣೆ ಬಿಕ್ಕಟ್ಟಿನಿಂದ.

ಸಿಗ್ನಲ್‌ಕೆಂಪು
ಆ ಯೋಜನೆಯ ಗತಿಯೂ ಹೇಳಿ. ರಾಸ್ ರೋಲೆಂಡ್ ಅನ್ನೋ ಉತ್ಸಾಹಿ ಹಣ ಕೂಡಿಸಿದರು. ಪೋರ್ಟಾ, ವಾರ್ಡೇಲ್ ಇಬ್ಬರೂ ಬಂದು ಕೈಜೋಡಿಸಿದರು. 1985ರ ಜನವರಿಯಲ್ಲಿ ಚೆಸಪೀಕ್ ಅಂಡ್ ಓಹಾಯೊ ರೈಲ್ವೆಯ ಹಳೇ 614ನೇ ಎಂಜಿನ್ನಿಗೆ ಅಳತೆಯ ಉಪಕರಣ ಕಟ್ಟಿ, ವೆಸ್ಟ್ ವರ್ಜೀನಿಯಾದ ಕೊರೆಯೋ ಚಳಿಯಲ್ಲಿ ಕಲ್ಲಿದ್ದಲು ರೈಲು ಎಳೆಸಿದರು. ಮರುವರ್ಷ 1986ರಲ್ಲಿ ಎಣ್ಣೆ ಬೆಲೆ ಪಾತಾಳಕ್ಕೆ ಬಿತ್ತು. ಎಸಿಇ 3000 ಕಾಗದದಿಂದ ಎದ್ದು ಬರಲೇ ಇಲ್ಲ.

ಎಣ್ಣೆ ಬೆಲೆ ನಂಬಿ ಮೂವತ್ತು ವರ್ಷ ಬಾಳೋ ಎಂಜಿನ್ ಕಟ್ಟೋದು ಅಂದ್ರೆ ಮೋಡ ನೋಡಿ ಮಡಕೆ ಒಡೆದ ಹಾಗೆ.

ಕಿಡಿಗೇಡಿ
ಹಹಹ. ಮಡಕೆ ಒಡೆದವನ ಹೆಸರು ಗೊತ್ತಾಯ್ತು ಈಗ.

ಗೇಜ್‌ಗ್ಲಾಸ್
ಪೋರ್ಟಾ ಹೆಸರು ಬಂತಲ್ಲ, ಅವರ ಬಗ್ಗೆ ಎರಡು ಮಾತು. ಲಿವಿಯೊ ದಾಂತೆ ಪೋರ್ಟಾ, ಅರ್ಜೆಂಟೀನಾದವರು, ತೀರಿಕೊಂಡಿದ್ದು 2003ರಲ್ಲಿ. ಪಟಗೋನಿಯಾದ ದಕ್ಷಿಣ ತುದಿಯಲ್ಲಿ ರಿಯೊ ಟುರ್ಬಿಯೊ ಗಣಿ ರೈಲು ಇದೆ. ಹಳಿಯ ಅಗಲ ಬರೀ 750 ಮಿಲಿಮೀಟರ್, ಆಟಿಕೆ ರೈಲಿನ ಅಳತೆ ಅನ್ನಿ. ಅಲ್ಲಿನ ಮಿತ್ಸುಬಿಷಿ 2-10-2 (ಮುಂದೆ 2, ನಡುವೆ ಎಳೆಯೋ 10, ಹಿಂದೆ 2 ಚಕ್ರ) ಎಂಜಿನ್‌ಗಳನ್ನು ತಿದ್ದಿ 1,700 ಟನ್ ರೈಲು ಎಳೆಸಿದರು.

ಅವರ ಉಪಾಯ ಸರಳ, ಆದರೆ ಮಜವಾಗಿದೆ. ಮಾಮೂಲಿ ಎಂಜಿನ್ನಲ್ಲಿ ಗಾಳಿಯೆಲ್ಲಾ ಕೆಳಗಿನ ಜಾಲರಿಯಿಂದ ನುಗ್ಗುತ್ತೆ. ಜೋರಾಗಿ ಓಡಿಸಿದಾಗ ಸಣ್ಣ ಕಲ್ಲಿದ್ದಲು ಉರಿಯೋ ಮೊದಲೇ ಹಾರಿ ಚಿಮಣಿಯಿಂದ ಹೊರಗೆ. ನಾವು ನೋಡಿ 'ವಾವ್' ಅನ್ನೋ ಕಪ್ಪು ಹೊಗೆ ಅಂದ್ರೆ ಕಂಪನಿಯ ದುಡ್ಡು ಹಾರ್ತಿರೋದು. ಪೋರ್ಟಾ ಬೆಂಕಿಯ ಹಾಸು ದಪ್ಪ ಮಾಡಿ, ಕೆಳಗಿನ ಗಾಳಿ ಕಡಿಮೆ ಮಾಡಿ, ಅದರ ಜತೆ ಒಂದಿಷ್ಟು ಉಗಿಯನ್ನೂ ಬಿಟ್ಟರು. ಕಲ್ಲಿದ್ದಲು ಮೊದಲು ಅನಿಲ ಆಗುತ್ತೆ, ಆ ಅನಿಲ ಮೇಲಿಂದ ಬರೋ ಗಾಳಿಯಲ್ಲಿ ಪೂರ್ತಿ ಉರಿಯುತ್ತೆ. ಉಗಿ ಇರೋದರಿಂದ ಬೂದಿ ಕರಗಿ ಗಟ್ಟಿ ಕಿಟ್ಟ ಆಗೋದೂ ಕಡಿಮೆ. ರೆಡ್ ಡೆವಿಲ್‌ನಲ್ಲೂ ಇದೇ ತತ್ವ.

ಆ ರೈಲಿಗೂ 1990ರ ದಶಕದಲ್ಲಿ ಡೀಸೆಲ್ ಬಂತು ಅನ್ನೋದು ಬೇರೆ ಮಾತು.

ಮೂರನೇಹಳಿ
ಕಲ್ಲಿದ್ದಲು ಗಣಿಯವರೇ ಡೀಸೆಲ್ ತಗೊಂಡ್ರು ಅಂದ್ಮೇಲೆ ಇನ್ನೇನು ಉಳೀತು 🙂

ಶೆಡ್‌ತಾತ
ನಾನು ಹದಿನೇಳು ವರ್ಷ ಉಗಿ ಶೆಡ್ಡಲ್ಲಿ ಕೆಲಸ ಮಾಡಿದೋನು. ಎಲ್ಲಿ, ಯಾವಾಗ ಅದೆಲ್ಲಾ ಬೇಡ. ಒಂದು ದಿನ ಹೇಗಿರ್ತಿತ್ತು ಅಂತ ಹೇಳ್ತೀನಿ, ನೀವೇ ಲೆಕ್ಕ ಹಾಕಿ.

ಎಂಜಿನ್ ಶೆಡ್ಡಿಗೆ ಬಂತು ಅಂದ್ರೆ ಮೊದಲು ಬೆಂಕಿ ಎಳೀಬೇಕು. ಕಿಟ್ಟ ಜಾಲರಿಗೆ ಅಂಟ್ಕೊಂಡಿರುತ್ತೆ, ಉದ್ದನೆ ಸರಳು ಹಾಕಿ ಒಡೀಬೇಕು. ಆ ಸರಳೇ ಕೆಂಪಗೆ ಕಾದಿರುತ್ತೆ. ಆಮೇಲೆ ಬೂದಿಪೆಟ್ಟಿಗೆ. ಎಂಜಿನ್ ಕೆಳಗಿನ ಗುಂಡೀಲಿ ಇಳಿದು ಕೆರೀಬೇಕು, ಗಾಳಿ ಬೀಸಿದ್ರೆ ಎಲ್ಲಾ ಮುಖಕ್ಕೆ. ಆಮೇಲೆ ಹೊಗೆಪೆಟ್ಟಿಗೆ ಬಾಗಿಲು ತೆಗೆದು ಮಸಿ ಬಾಚೋದು, ಟ್ಯೂಬ್ ಊದೋದು, ನೂರೆಂಟು ಕಡೆ ಎಣ್ಣೆ ಬಿಡೋದು. ಗೊತ್ತಾದ ದಿನಕ್ಕೆ ಬಾಯ್ಲರ್ ಆರಿಸಿ ತೊಳೆಯೋದು. ಆರಿಸಿದ್ರೆ ಮತ್ತೆ ಹಚ್ಚಬೇಕಲ್ಲ, ತಣ್ಣಗಿದ್ದ ದೊಡ್ಡ ಬಾಯ್ಲರನ್ನ ಗಡಿಬಿಡಿಯಲ್ಲಿ ಕಾಯಿಸಿದ್ರೆ ಸ್ಟೇ ಬೋಲ್ಟ್ (ಬಾಯ್ಲರ್ ಗೋಡೆಗಳನ್ನ ಹಿಡಿದಿಡೋವು) ಸೋರೋಕೆ ಶುರು. ನಿಧಾನಕ್ಕೆ ಎಂಟು ಗಂಟೆ ಕಾಯಿಸಬೇಕು.

ಪಕ್ಕದ ಲೈನಿಗೆ ಡೀಸೆಲ್ ಬಂದ ದಿನ ನೆನಪಿದೆ. ಡ್ರೈವರ್ ಬಂದ, ಗುಂಡಿ ಒತ್ತಿದ, ಹೋದ. ನಾವು ಆರು ಜನ ಗುಂಡಿಯಿಂದ ತಲೆ ಎತ್ತಿ ನೋಡ್ತಾ ನಿಂತಿದ್ವಿ. ಯಾರಿಗೂ ಮಾತು ಹೊರಡಲಿಲ್ಲ.

ನಿಮ್ಮ 28 ಶೇಕಡಾ ಉಳಿತಾಯದಲ್ಲಿ ಆ ಆರು ಜನ ಎಲ್ಲಿದ್ದಾರೆ?

ಹಳಿಹುಚ್ಚ
ತಾತ, ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅರ್ಧ ಇದೆ. ಬಾಯ್ಲರ್ ತೊಳೆಯೋ ಕಾಟ ನೀರಿನ ರಸಾಯನದಿಂದ ಬಹಳ ಇಳೀತು. ಫ್ರಾನ್ಸಲ್ಲಿ ಲೂಯಿ ಅರ್ಮಾಂಡ್ 'ಟಿಐಎ' ಅನ್ನೋ ಪದ್ಧತಿ ತಂದರು, ಪೋರ್ಟಾ ಅದನ್ನ ಮುಂದಕ್ಕೆ ಒಯ್ದರು. ತೊಳೆಯೋ ಅಂತರ ವಾರಗಳಿಂದ ತಿಂಗಳುಗಟ್ಟಲೆಗೆ ಹೋಯ್ತು. ರೋಲರ್ ಬೇರಿಂಗ್ ಹಾಕಿದ್ರೆ ಎಣ್ಣೆ ಬಿಡೋ ಕೆಲಸ ಕಾಲು ಭಾಗ.

ಗೇಜ್‌ಗ್ಲಾಸ್
ಇದನ್ನ ನಿಜವಾಗಿ ಮಾಡಿ ತೋರಿಸಿದವರು ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್. ಕಾರು ಸರ್ವಿಸ್ ಸ್ಟೇಷನ್ ಥರ ಎಂಜಿನ್ನಿಗೆ 'ಲೂಬ್ರಿಟೋರಿಯಂ' ಕಟ್ಟಿದ್ರು, ಯಂತ್ರದಿಂದಲೇ ಎಣ್ಣೆ, ಗ್ರೀಸು. 1952ರಲ್ಲಿ ತಮ್ಮ ಉಗಿ ಎಂಜಿನ್‌ಗಳನ್ನ ನಾಲ್ಕು ಘಟಕದ ಇಎಂಡಿ ಎಫ್7 ಡೀಸೆಲ್ ಎದುರು ಓಡಿಸಿ ಅಳೆದರು. ಹೆಚ್ಚುಕಮ್ಮಿ ಸಮಸಮ! ಅಂದ್ರೆ ಉಗಿ ಒಮ್ಮೆ ನಿಜವಾಗಿ ಎದುರು ನಿಂತಿತ್ತು.

ಸಿಗ್ನಲ್‌ಕೆಂಪು
ಸಮಸಮ ಬಂದ ಮೇಲೂ ಎಂಟೇ ವರ್ಷಕ್ಕೆ, 1960ಕ್ಕೆ, ಅವರೂ ಡೀಸೆಲ್ಲಿಗೆ ಹೋದರಲ್ಲ. ಯಾಕೆ? ಉಳಿದ ರೈಲ್ವೆಗಳೆಲ್ಲಾ ಬಿಟ್ಟ ಮೇಲೆ ಇಂಜೆಕ್ಟರ್ (ಬಾಯ್ಲರಿಗೆ ನೀರು ತುಂಬೋದು), ಸ್ಟೋಕರ್ (ಬೆಂಕಿಗೆ ಕಲ್ಲಿದ್ದಲು ಹಾಕೋ ಯಂತ್ರ), ಪಂಪು ಮಾಡೋ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಪ್ರತಿಯೊಂದು ಬಿಡಿಭಾಗವನ್ನೂ ನೀವೇ ಎರಕ ಹೊಯ್ದುಕೊಳ್ಳಿ ಅಂದ್ರೆ ಯಾವ ರೈಲ್ವೆ ಬದುಕುತ್ತೆ? ಇವತ್ತು ಹೊಸದಾಗಿ ಶುರು ಮಾಡೋರಿಗೂ ಇದೇ ಗೋಡೆ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಡೀಸೆಲ್ ನಾಲ್ಕು ಜೋಡಿಸಿದ್ರೆ ಒಬ್ಬ ಡ್ರೈವರ್ ಸಾಕು, ಒಂದು ಕೇಬಲ್. ಉಗಿ ಎಂಜಿನ್ ಎರಡು ಜೋಡಿಸಿದ್ರೆ ಇಬ್ಬರು ಡ್ರೈವರ್, ಇಬ್ಬರು ಫೈರ್‌ಮನ್, ಅವರ ನಡುವೆ ಮಾತುಕತೆ ಶಿಳ್ಳೆಯಲ್ಲಿ.

ಮೂರನೇಹಳಿ
ಹಳಿ ಮೇಲೆ ಚಕ್ರದ ಹಿಡಿತದ ವಿಷಯವೂ ಇದೆ. ಪಿಸ್ಟನ್ ಎಳೆತ ಚಕ್ರದ ಒಂದು ಸುತ್ತಿನಲ್ಲೇ ಏರುತ್ತೆ, ಇಳಿಯುತ್ತೆ. ಜಾರೋದು ಏರಿದ ಕ್ಷಣದಲ್ಲಿ. ಅದಕ್ಕೇ ತೂಕದ ಕಾಲು ಭಾಗದಷ್ಟೇ ಎಳೆತ ನಂಬಬಹುದು. ಮೂರು ಫೇಸ್ ಮೋಟಾರಿನ ಎಂಜಿನ್ ಪ್ರತಿ ಅಚ್ಚನ್ನೂ ಬೇರೆ ಬೇರೆ ನಿಯಂತ್ರಿಸಿ 35 ಶೇಕಡಾ ಮೇಲೆ ಹಿಡಿಯುತ್ತೆ. ಮಳೆಯಲ್ಲಿ ಏರು ಹತ್ತುವಾಗ ವ್ಯತ್ಯಾಸ ಗೊತ್ತಾಗೋದು.

ಆದ್ರೆ ಹಳಬರ ಒಂದು ಮಾತಿದೆ: ಉಗಿ ಎಂಜಿನ್ ತಾನು ಹೊರಡಿಸಲಾಗದ ರೈಲನ್ನೂ ಎಳೆದೀತು, ಡೀಸೆಲ್ ತಾನು ಎಳೆಯಲಾಗದ ರೈಲನ್ನೂ ಹೊರಡಿಸೀತು. ಉಗಿಯ ಶಕ್ತಿ ತೆರೆದುಕೊಳ್ಳೋದು ವೇಗ ಬಂದಮೇಲೆ.

ಬಿಗ್‌ಬಾಯ್‌ಭಕ್ತ
ಯಾರೂ ಅಮೆರಿಕದ ದೈತ್ಯ ಉಗಿ ಎಂಜಿನ್ ಬಿಗ್ ಬಾಯ್ ಬಗ್ಗೆ ಮಾತಾಡ್ತಿಲ್ಲ?? 4014 ಮತ್ತೆ ಓಡ್ತಿದೆ 2019ರಿಂದ!! ಆ ಶಕ್ತಿ ಯಾವ ಡೀಸೆಲ್ಲಿಗಿದೆ!!

ಉಷ್ಣಗತಿ
ಬಿಗ್ ಬಾಯ್ ಟೆಂಡರ್ ಸೇರಿ 540 ಟನ್ ಮೇಲೆ, ಸುಮಾರು 6,000 ಅಶ್ವಶಕ್ತಿ. ಸೀಮೆನ್ಸಿನ ಕರೆಂಟ್ ಎಂಜಿನ್ ವೆಕ್ಟ್ರಾನ್ 90 ಟನ್‌ಗೆ 6,400 ಕಿಲೋವಾಟ್, ಅಂದರೆ 8,500 ಅಶ್ವಶಕ್ತಿಗಿಂತ ಹೆಚ್ಚು. ಮತ್ತೆ 4014ಕ್ಕೆ ಈಗ ಹಾಕುವುದು ಕಲ್ಲಿದ್ದಲಲ್ಲ, ಎಣ್ಣೆ.

ಬಿಗ್‌ಬಾಯ್‌ಭಕ್ತ
ವೆಕ್ಟ್ರಾನ್ ನೋಡೋಕೆ ಫ್ರಿಜ್ ಥರ ಇದೆ. ನನ್ನ ವಾದ ಮುಗೀತು.

ಕಿಡಿಗೇಡಿ
ಇಷ್ಟು ಹೊತ್ತಿನ ಚರ್ಚೆಯಲ್ಲಿ ಸೋಲಿಸಲಾಗದ ವಾದ ಇದೊಂದೇ.

ಮೂರನೇಹಳಿ
ಅಂದಹಾಗೆ ಕರೆಂಟ್ ಎಂಜಿನ್ ಅಂತೀವಲ್ಲ, ಕಲ್ಲಿದ್ದಲು ಸ್ಥಾವರದಿಂದ ಕರೆಂಟ್ ಬಂದ್ರೆ ಅದೂ ಉಗಿ ಎಂಜಿನ್ನೇ. ಬಾಯ್ಲರನ್ನ ಊರಾಚೆ ಬಿಟ್ಟು ಬಂದಿದೀವಿ ಅಷ್ಟೆ. ಅಣು ಸ್ಥಾವರ ಆದ್ರೂ ಉಗಿಯೇ. ಹೊರೋ ಗೋಜಿಲ್ಲ ಅಂದಮೇಲೆ ಕಂಡೆನ್ಸರ್ ಎಷ್ಟು ದೊಡ್ಡದಾದ್ರೂ ಆಗ್ಲಿ. ಇಳಿಜಾರಲ್ಲಿ ಬ್ರೇಕ್ ಹಾಕಿದ್ರೆ ಒಂದಿಷ್ಟು ಕರೆಂಟ್ ತಂತಿಗೆ ವಾಪಸ್ ಬೇರೆ. ಉಗಿ ಎಂಜಿನ್ ಬ್ರೇಕ್ ಹಾಕಿದ್ರೆ ಕಲ್ಲಿದ್ದಲು ವಾಪಸ್ ಬರುತ್ತಾ?

ಗೇಜ್‌ಗ್ಲಾಸ್
ಅಣು ಅಂದ್ರಲ್ಲ, 1954ರಲ್ಲಿ ಯೂಟಾ ವಿಶ್ವವಿದ್ಯಾಲಯದ ಲೈಲ್ ಬೋರ್ಸ್ಟ್ ಅಣು ರಿಯಾಕ್ಟರ್ ಹೊತ್ತ ರೈಲು ಎಂಜಿನ್ನಿನ ನಕ್ಷೆಯನ್ನೇ ಬರೆದಿದ್ದರು. ಎಕ್ಸ್-12 ಅಂತ ಹೆಸರು, 7,000 ಅಶ್ವಶಕ್ತಿ. ಪುಣ್ಯಕ್ಕೆ ಯಾರೂ ಕಟ್ಟಲಿಲ್ಲ.

ಶೆಡ್‌ತಾತ
ಅದರ ಬೂದಿ ಯಾರು ತೆಗೀತಿದ್ರು?

ಕಿಡಿಗೇಡಿ
😂😂 ತಾತ ಗೆದ್ದರು. ಚರ್ಚೆ ಮುಚ್ಚಿ.

ಹಳಿಹುಚ್ಚ
ಮುಚ್ಚಬೇಡಿ, ನನ್ನ ಕೊನೇ ಅಸ್ತ್ರ ಇನ್ನೂ ಇದೆ. ಸ್ವಿಟ್ಜರ್ಲೆಂಡ್. ರೋಜರ್ ವಾಲರ್ ನೇತೃತ್ವದಲ್ಲಿ ಎಸ್ಎಲ್ಎಂ ಕಾರ್ಖಾನೆ 1992ರಲ್ಲಿ ಹೊಚ್ಚ ಹೊಸ ಹಲ್ಲುಹಳಿ (ಹಲ್ಲುಚಕ್ರದಿಂದ ಕಡಿದಾದ ಬೆಟ್ಟ ಹತ್ತೋ) ಉಗಿ ಎಂಜಿನ್ ಕಟ್ಟಿತು. ಬ್ರಿಯೆಂಟ್ಸ್ ರೋಟ್‌ಹಾರ್ನ್ ಬೆಟ್ಟದ ರೈಲಿಗೆ ಹೋಯ್ತು, ಆಸ್ಟ್ರಿಯಾದ ಶಾಫ್‌ಬರ್ಗ್‌ಗೂ ಹೋಯ್ತು. ಹಗುರ ಎಣ್ಣೆ ಉರಿಸುತ್ತೆ, ಒಬ್ಬನೇ ಓಡಿಸಬಹುದು. ಬಾಯ್ಲರಿಗೆ ದಪ್ಪ ಹೊದಿಕೆ, ರಾತ್ರಿಯಿಡೀ ಬಿಸಿ ಉಳಿಯುತ್ತೆ. ಜನ ಯಾರೂ ಇಲ್ಲದೆ ವಿದ್ಯುತ್ ಹೀಟರಿನಿಂದ ಕಾಯಿಸೋ ವ್ಯವಸ್ಥೆಯೂ ಇದೆ. ಬೆಳಿಗ್ಗೆ ಬಂದು ಹೊರಡೋದೇ. ಕಲ್ಲಿದ್ದಲಿಲ್ಲ, ಕಿಟ್ಟ ಇಲ್ಲ, ತಾತ, *ಬೂದಿ ಇಲ್ಲ*! ಇದು ವಸ್ತುಪ್ರದರ್ಶನಕ್ಕೆ ಇಟ್ಟದ್ದಲ್ಲ, ದುಡ್ಡು ಮಾಡಿಕೊಂಡು ಓಡ್ತಿರೋ ಎಂಜಿನ್ನು.

ಸಿಗ್ನಲ್‌ಕೆಂಪು
ಒಳ್ಳೇ ಉದಾಹರಣೆ, ಆದರೆ ನಿಮ್ಮ ವಿರುದ್ಧವೇ ಕೆಲಸ ಮಾಡುತ್ತೆ. ಅಲ್ಲಿ ಜನ ಟಿಕೆಟ್ ತಗೊಳ್ಳೋದು ಬೆಟ್ಟ ಹತ್ತೋಕಷ್ಟೇ ಅಲ್ಲ, ಉಗಿ ಎಂಜಿನ್ ಹತ್ತಿ ಹೋಗೋಕೆ. ಉಗಿಯೇ ಅಲ್ಲಿ ಸರಕು. ಸಿಮೆಂಟ್ ಮೂಟೆಗೆ ತನ್ನನ್ನ ಯಾರು ಎಳೀತಿದಾರೆ ಅನ್ನೋ ಕಾಳಜಿ ಇರಲ್ಲ.

ಹಳಿಹುಚ್ಚ
ಸಿಮೆಂಟ್ ಮೂಟೆ ಬಿಡಿ, ಚೀನಾ? ಜೀತೊಂಗ್ ಮಾರ್ಗದಲ್ಲಿ ಕ್ಯೂಜೆ ವರ್ಗದ ಉಗಿ ಎಂಜಿನ್‌ಗಳು 2005ರ ಡಿಸೆಂಬರ್‌ವರೆಗೆ ಮುಖ್ಯ ಮಾರ್ಗದಲ್ಲೇ ಸರಕು ರೈಲು ಎಳೆದವು. ದಾತೊಂಗ್ ಕಾರ್ಖಾನೆ 1988ರವರೆಗೂ ಅವನ್ನ ಕಟ್ತಾ ಇತ್ತು.

ಉಷ್ಣಗತಿ
ಅಗ್ಗದ ಕಲ್ಲಿದ್ದಲು, ಅಗ್ಗದ ಕೂಲಿ, ಕೈಯಳತೆಯಲ್ಲಿ ಬಿಡಿಭಾಗ. ಮೂರೂ ಒಟ್ಟಿಗೆ ಇರುವಷ್ಟು ದಿನ ಉಗಿ ನಿಂತಿತು. ಕೂಲಿ ಏರುತ್ತಿದ್ದಂತೆ ಹೋಯಿತು. ನನ್ನ ದಕ್ಷತೆಯ ಲೆಕ್ಕ ಇಲ್ಲಿ ಎರಡನೇ ಕಾರಣ ಎಂದು ಒಪ್ಪುತ್ತೇನೆ. ಮೊದಲನೇ ಕಾರಣ ಶೆಡ್‌ತಾತ ಹೇಳಿದ್ದೇ.

ಬಿಗ್‌ಬಾಯ್‌ಭಕ್ತ
ವೇಗದಲ್ಲಾದ್ರೂ ಗೆಲ್ಲುತ್ತಾ? ಬ್ರಿಟನ್ನಿನ ಉಗಿ ಎಂಜಿನ್ ಮಲ್ಲಾರ್ಡ್ 1938ರಲ್ಲೇ ಗಂಟೆಗೆ 126 ಮೈಲಿ!

ಗೇಜ್‌ಗ್ಲಾಸ್
ಇಳಿಜಾರಿನಲ್ಲಿ. ಮತ್ತೆ ಆ ಓಟದಲ್ಲೇ ನಡುವಿನ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ ಕಾದು ಕೆಟ್ಟಿತು. ವಾರ್ಡೇಲ್ ಆಮೇಲೆ ಬ್ರಿಟನ್ನಿಗಾಗಿ 5ಎಟಿ ಅಂತ ವಿನ್ಯಾಸ ಮಾಡಿದ್ರು, ದಿನವೂ 180 ಕಿಲೋಮೀಟರ್ ವೇಗದಲ್ಲಿ ಓಡೋ 4-6-0. ಲೆಕ್ಕ ಎಲ್ಲಾ ಕೈಯಲ್ಲೇ ಮಾಡಿ ಮುಗಿಸಿದ್ರು, ಹಣ ಬರಲಿಲ್ಲ, 2012ರಲ್ಲಿ ನಿಂತುಹೋಯ್ತು. ಅದೇ ದೇಶದಲ್ಲಿ ಜನ ಚಂದಾ ಎತ್ತಿ ಹಳೇ ವಿನ್ಯಾಸದ 'ಟೊರ್ನಾಡೊ' ಕಟ್ಟಿ 2008ರಲ್ಲಿ ಓಡಿಸಿದ್ರು. ಬಾಯ್ಲರ್ ಬಂದಿದ್ದು ಜರ್ಮನಿಯ ಮೈನಿಂಗನ್‌ನಿಂದ. 2017ರಲ್ಲಿ ಪರೀಕ್ಷೆಗೆ 100 ಮೈಲಿ ಮುಟ್ಟಿತು.

ನೋಡಿ, ನನಗೆ ಹೊಟ್ಟೆ ಉರಿಯೋದು ಇಲ್ಲಿ. ಹಳೇದನ್ನ ಹಾಗೇ ಕಟ್ಟಿ ಅಂದ್ರೆ ಜೇಬಿಗೆ ಕೈ ಹಾಕ್ತಾರೆ, ಒಳ್ಳೇದು ಮಾಡಿ ಕಟ್ತೀನಿ ಅಂದ್ರೆ ಬೆನ್ನು ತಿರುಗಿಸ್ತಾರೆ. ಉಗಿ ಪ್ರೇಮಿಗಳಿಗೆ ಬೇಕಿರೋದು ಉಗಿ ಎಂಜಿನ್ ಅಲ್ಲ, ತಮ್ಮ ಬಾಲ್ಯ.

ಬಿಗ್‌ಬಾಯ್‌ಭಕ್ತ
ಇದು ಸ್ವಲ್ಪ ಜಾಸ್ತಿ ಆಯ್ತು.

ಮೂರನೇಹಳಿ
ಜಾಸ್ತಿ ಏನಿಲ್ಲ, ನನಗೂ ತಾಗಿತು.

ಸಿಗ್ನಲ್‌ಕೆಂಪು
ಜೈವಿಕ ಇಂಧನದ ಕತೆಯನ್ನೂ ಸೇರಿಸಿ. 2012ರಲ್ಲಿ ಅಮೆರಿಕದಲ್ಲಿ ಹುರಿದ ಮರದ ಇಂಧನದಿಂದ ಸಾಂಟಾ ಫೆ 3463 ಎಂಜಿನ್ನನ್ನ ಗಂಟೆಗೆ 130 ಮೈಲಿ ಓಡಿಸ್ತೀವಿ ಅಂತ ಘೋಷಿಸಿದ್ರು. ಎಂಜಿನ್ ಒಂದು ಅಡಿಯೂ ತನ್ನ ಉಗಿಯಲ್ಲಿ ಓಡಿಲ್ಲ. ಇಂಧನದ ಕೆಲಸ ಮಾತ್ರ ಒಂದಿಷ್ಟು ಮುಂದೆ ಹೋಯ್ತು, ಮೃಗಾಲಯದ ಪುಟ್ಟ ರೈಲಿನಲ್ಲಿ ಉರಿಸಿ ನೋಡಿದ್ರು.

ಹಳಿಹುಚ್ಚ
ಸರಿ, ಪ್ರಶ್ನೆ ತಿದ್ದುತ್ತೀನಿ. ಮುಖ್ಯ ಮಾರ್ಗದ ಸರಕು, ವೇಗದ ರೈಲು, ಎರಡೂ ಬಿಟ್ಟೆ. ಐದಾರು ಕಿಲೋಮೀಟರಿನ ಪ್ರವಾಸಿ ರೈಲು, ಹೇಗೂ ಉಗಿಯೇ ಬೇಕು. ಅಲ್ಲಿ ಹಳೇ ಎಂಜಿನ್ ರಿಪೇರಿ ಮಾಡ್ತಾ ಕೂರೋ ಬದಲು ವಾಲರ್ ಥರ ಹೊಸದು ಕಟ್ಟೋದು ಲಾಭ. ಇದನ್ನಾದ್ರೂ ಒಪ್ಪುತ್ತೀರಾ?

ಉಷ್ಣಗತಿ
ಒಪ್ಪಿದೆ. ಹೊರಗೆ ಉರಿಯುವ ಬೆಂಕಿ, ಹಗುರ ಎಣ್ಣೆ. ಚೆನ್ನಾಗಿ ಹೊಂದಿಸಿದರೆ ಹೊಗೆಯ ಮಾಲಿನ್ಯವೂ ತುಂಬಾ ಕಡಿಮೆ.

ಗೇಜ್‌ಗ್ಲಾಸ್
ಬೆಂಕಿಯೇ ಇಲ್ಲದ ಎಂಜಿನ್ನನ್ನೂ ಮರೀಬೇಡಿ. ಕಾರ್ಖಾನೆಯ ಬಾಯ್ಲರಿಂದ ಒಂದು ತೊಟ್ಟಿಗೆ ಬಿಸಿನೀರು, ಉಗಿ ತುಂಬಿಸಿಕೊಂಡು ಓಡೋದು. ಜರ್ಮನಿಯಲ್ಲಿ ಕಿಡಿ ಹಾರಿದ್ರೆ ಅಪಾಯ ಇರೋ ರಾಸಾಯನಿಕ ಕಾರ್ಖಾನೆಗಳಲ್ಲಿ ಡೀಸೆಲ್ ಯುಗದಲ್ಲೂ ಬಹಳ ಕಾಲ ಕೆಲಸ ಮಾಡಿದವು. ಪುಕ್ಕಟೆ ಉಗಿ ಇದ್ದ ಕಡೆ ಡೀಸೆಲ್ಲಿಗೇ ಸೆಡ್ಡು ಹೊಡೆದ ಉಗಿ ಎಂಜಿನ್ ಅಂದ್ರೆ ಅದೇ.

ಹಳಿಹುಚ್ಚ
@ಶೆಡ್‌ತಾತ ನೀವೂ ಒಪ್ಪಿ ಬಿಡಿ. ಎಣ್ಣೆ ಬೆಂಕಿ, ಬೂದಿ ಇಲ್ಲ.

ಶೆಡ್‌ತಾತ
ಎಣ್ಣೆ ಎಂಜಿನ್ನೂ ನೋಡಿದೀನಪ್ಪ. ಬೂದಿ ಇರಲ್ಲ, ಒಪ್ಪಿದೆ. ಉರಿ ಸರಿ ಕೂರದಿದ್ರೆ ಟ್ಯೂಬಿನೊಳಗೆ ಮಸಿ ಕಟ್ಟುತ್ತೆ. ಅದಕ್ಕೆ ಓಡ್ತಾ ಓಡ್ತಾನೇ ಫೈರ್‌ಬಾಕ್ಸಿಗೆ ಒಂದು ಸಲಿಕೆ ಮರಳು ಎಸೀತಿದ್ವಿ, ಎಳೆತಕ್ಕೆ ಸಿಕ್ಕಿ ಟ್ಯೂಬ್ ಉಜ್ಜಿಕೊಂಡು ಚಿಮಣಿಯಿಂದ ಹೋಗ್ತಿತ್ತು. ಹಿಂದಿನ ಡಬ್ಬಿಯವರು ಕಿಟಕಿ ಮುಚ್ಚಿಕೊಂಡಿದ್ರೆ ಸರಿ.

ನಿನ್ನ ಪ್ರವಾಸಿ ರೈಲಲ್ಲಿ ಕಿಟಕಿಗೆ ಗಾಜು ಇರುತ್ತಾ, ಇಲ್ಲಾ ತೆರೆದ ಡಬ್ಬೀನಾ?

ಹಳಿಹುಚ್ಚ
...ತೆರೆದ ಡಬ್ಬಿ.

ಶೆಡ್‌ತಾತ
ಹಾಗಾದ್ರೆ ಮರಳು ಹಾಕೋ ಜಾಗ ಮೊದಲೇ ಗೊತ್ತು ಮಾಡ್ಕೋ. ಸುರಂಗದೊಳಗೆ ಮಾತ್ರ ಹಾಕಬೇಡ.